ಡಬ್ಬಣ್ಣನ ಮೀಸೆ

ಕಬ್ಬಿಣ ಕೊಯ್ಯುವ ಗ್ರೈಂಡರ್ ಚಾಲೂ ಇತ್ತು. ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಕೆಳಗೆ ನನ್ನ ಹೆಂಡತಿ ಭಾಗ್ಯಶ್ರೀ ಸ್ಟೂಲಿನ ಕಾಲು ಹಿಡಿದುಕೊಂಡು, ಕಿಡಿ ತಾಗದಂತೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಎಡಗಡೆದು ಮೊದ್ಲ ಕೊಯ್ರಿ, ಬಲಗಡೆದು ಆಮ್ಯಾಲ" ಎಂದು ಹೇಳುತ್ತಿದ್ದಳು. ಕೊಯ್ಯಬೇಕಾಗಿದ್ದದ್ದು ಮೀಸೆ. ಡಬ್ಬಣ್ಣನ ಮೀಸೆ. ಡಬ್ಬಣ್ಣ ಅಂದರೆ ಮನುಷ್ಯನಲ್ಲ, ಗಾಬರಿಯಾಗಬೇಡಿ. ಅಥಣಿ ರಸ್ತೆಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಅದರ ಮುಂದೆ ನಾನೇ ಮಾಡಿ ನಿಲ್ಲಿಸಿದ ಕಬ್ಬಿಣದ ಗೊಂಬೆ ಅದು. ನನಗಿಂತ ಒಂದು ಗೇಣು ಎತ್ತರ. ಮೈಗೆ ಕಬ್ಬಿಣದ ಅಂಗಿ, ತಲೆಗೆ ಎಣ್ಣೆ ಡಬ್ಬಿಯಂಥ ಟೊಪ್ಪಿಗೆ, ಕಣ್ಣಿನ ಜಾಗದಲ್ಲಿ ಅಡ್ಡಕ್ಕೆ ಒಂದು ಅಗಲವಾದ ಸೀಳು, ಸೀಳಿನ ಕೆಳಗೆ ಎರಡು ಹಳೆ ಕುಡಗೋಲು ಬೆಸೆದು ಮಾಡಿದ ಮೀಸೆ. ಆ ಮೀಸೆ ಬಿಸಿಲಿಗೆ ಹೊಳೆಯುವುದು ದೂರದಿಂದಲೇ ಕಾಣುತ್ತದೆ. ಆಟೋದವರಿಗೆ ವಿಳಾಸ ಹೇಳಬೇಕಾದರೆ ಈ ಕಡೆ ಲೇಔಟಿನವರು ನನ್ನ ಹೆಸರು ಹೇಳುವುದಿಲ್ಲ, ಮೀಸೆ ಗೊಂಬೆ ಹತ್ತಿರ ಇಳಿಸು ಅನ್ನುತ್ತಾರೆ. ಅಂಥ ಮೀಸೆಯನ್ನು ಮಾಡಿದ ಕೈಯಿಂದಲೇ ಕೊಯ್ಯುವುದಕ್ಕೆ ಹತ್ತಿದ್ದೆ. ಯಾಕೆಂದರೆ ಮಧ್ಯಾಹ್ನದೊಳಗೆ ತಿಕೋಟಾದಿಂದ ಗಿರಾಕಿ ಬರುವವರಿದ್ದರು, ಮತ್ತು ನನ್ನ ಹೆಂಡತಿಗೆ ಬೇಡದ ಒಂದು ಸಂಗತಿ ಗೊತ್ತಾಗಿಬಿಟ್ಟಿತ್ತು.

ನಾನು ಶಾಲೆಯನ್ನು ಎಂಟನೇ ಕ್ಲಾಸಿಗೆ ಬಿಟ್ಟವನು. ಅದಕ್ಕೆ ನನಗೆ ಬೇಜಾರಿಲ್ಲ, ಮಾಸ್ತರರಿಗೂ ಇರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ಮಾತು ನನಗೆ ಖಾತ್ರಿಯಾಗಿದೆ. ಬೇಕಾದ ಸಂಗತಿ ತಲೆಯಲ್ಲಿ ನಿಲ್ಲುವುದಿಲ್ಲ, ಬೇಡಾದ್ದು ಹೊರಗೆ ಹೋಗುವುದಿಲ್ಲ. ಗೇಟಿನ ಅಳತೆ ತೆಗೆದುಕೊಂಡು ಅಂಗಡಿಗೆ ಬರುವಷ್ಟರಲ್ಲಿ ಮರೆತು ಮತ್ತೆ ಗಿರಾಕಿಯ ಮನೆಗೆ ಹೋದದ್ದುಂಟು. ಆದರೆ ಭಾಗ್ಯಶ್ರೀ ಊಟಕ್ಕೆ ಕೂತಾಗ ಹೇಳುವ ಸಂಗತಿಗಳು ಒಂದೂ ಮರೆತಿಲ್ಲ. ಅವಳು ಬಬಲೇಶ್ವರದವಳು, ಪಿಯುಸಿ ಪಾಸು. ರೊಟ್ಟಿ ಬಡಿಯುವಾಗ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ ಇಟ್ಟುಕೊಂಡು ವಿಡಿಯೋ ನೋಡುತ್ತಾಳೆ. ಬೇರೆಯವರ ಹೆಂಡತಿಯರು ಧಾರಾವಾಹಿ ನೋಡುತ್ತಾರಂತೆ. ಇವಳು ನೋಡುವುದು ಹಳೆಯ ವಿಡಿಯೋ ಗೇಮಿನ ಗೊಂಬೆಗಳ ಬಗ್ಗೆ ಯಾರಿಗೂ ಗೊತ್ತಿಲ್ಲದ ಸಂಗತಿ ಹೇಳುವ ವಿಡಿಯೋಗಳನ್ನು. ಆಟ ಆಡುವುದಿಲ್ಲ, ಆಡಿದವರ ಬಗ್ಗೆ ಮಾತ್ರ ಕೇಳುತ್ತಾಳೆ. ಯಾಕೆ ಅಂತ ಕೇಳಿದರೆ, ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೂರು ಹೊತ್ತೂ ಡಬ್ಬಣ್ಣನ ಕಥೆಯನ್ನೇ ಹೇಳುತ್ತಿದ್ದೆನಂತೆ, ಗಂಡನ ಜೊತೆ ಮಾತಾಡಲು ಬೇರೆ ದಾರಿ ಇರಲಿಲ್ಲವಂತೆ. ತಪ್ಪು ನನ್ನ ಮೇಲೆಯೇ ಬಂತು. ಬರಲಿ.

ಅವಳು ಹೇಳಿದ ಕೆಲವು ಸಂಗತಿ ನಿಮಗೂ ಹೇಳುತ್ತೇನೆ, ನೀವೂ ಒದ್ದಾಡಿರಿ. ಒಂದು ಹಳೇ ಆಟದಲ್ಲಿ ಮೇಲಿರುವ ಮೋಡವೂ ಕೆಳಗಿರುವ ಪೊದೆಯೂ ಒಂದೇ ಚಿತ್ರವಂತೆ. ಮೋಡಕ್ಕೆ ಬಿಳಿ ಬಣ್ಣ, ಪೊದೆಗೆ ಹಸಿರು, ಅಷ್ಟೇ ಫರಕು. ಇದರಲ್ಲೇನಿದೆ ಅಂದೆ ನಾನು. ಒಂದೇ ಗ್ರಿಲ್ ಡಿಸೈನನ್ನು ಕಿಟಕಿಗೆ ನಿಲ್ಲಿಸುತ್ತೇನೆ, ಗೇಟಿಗೆ ಮಲಗಿಸುತ್ತೇನೆ, ನನ್ನ ಬಗ್ಗೆ ಯಾರೂ ವಿಡಿಯೋ ಮಾಡಿಲ್ಲ. ಇನ್ನೊಂದು ಆಟದಲ್ಲಿ ವೈರಿಗಳು ಸತ್ತಂತೆಲ್ಲ ಉಳಿದವರು ಜೋರಾಗಿ ಓಡುತ್ತಾರೆ. ಅದು ಆಟ ಮಾಡಿದವನ ಜಾಣತನವಲ್ಲವಂತೆ. ಮಂದಿ ಕಡಿಮೆಯಾದ ಹಾಗೆ ಆ ಮಷೀನಿಗೆ ಹೊರೆ ಇಳಿದು ಅದು ತಾನಾಗಿಯೇ ಜೋರಾಯಿತಂತೆ, ಮಾಡಿದವನು ನೋಡಿ, ಚಲೋ ಆಯಿತು ಅಂತ ಹಾಗೆಯೇ ಬಿಟ್ಟನಂತೆ. ಇದು ಮಾತ್ರ ನನಗೆ ಪಟ್ಟನೆ ತಿಳಿಯಿತು. ಅಂಗಡಿಗೆ ಸುಮ್ಮನೆ ಹರಟೆಗೆ ಬರುವವರು ಕಡಿಮೆಯಾದ ದಿನ ನನ್ನ ಕೈಯೂ ಹಾಗೆಯೇ ಓಡುತ್ತದೆ. ಆಮೇಲೆ ಒಂದು ಆಟವನ್ನು ಸಿನಿಮಾ ಮಾಡುವಾಗ ಪ್ರಾಣಿಯ ಬಾಯಿಗೆ ಮನುಷ್ಯರ ಹಲ್ಲು ಇಟ್ಟಿದ್ದರಂತೆ. ನೋಡಿದವರೆಲ್ಲ ಬೈದರಂತೆ. ಸಿನಿಮಾದವರು ಹೆದರಿ ಇಡೀ ಮೋರೆಯನ್ನೇ ಮತ್ತೆ ಹೊಸದಾಗಿ ಮಾಡಿದರಂತೆ. ಮತ್ತೊಂದು ಸಂಗತಿ ಮೀಸೆಯದು. ಹಿಂದಿನ ಆಟಗಳಲ್ಲಿ ಗೊಂಬೆ ಬಹಳ ಸಣ್ಣದು, ಮೂಗು ಇಟ್ಟ ಮೇಲೆ ಬಾಯಿಗೆ ಜಾಗ ಉಳಿಯುತ್ತಿರಲಿಲ್ಲ. ಅದಕ್ಕೆ ಬಾಯಿ ಬರೆಯುವ ಬದಲು ಒಂದು ಮೀಸೆ ಇಟ್ಟುಬಿಟ್ಟರಂತೆ. ಇದನ್ನು ಕೇಳಿ ನಾನು ರೊಟ್ಟಿ ಮುರಿಯುವುದನ್ನು ಬಿಟ್ಟೆ. ನಮ್ಮ ಅಪ್ಪನೂ ಹಾಗೆಯೇ ಇದ್ದ. ಮೀಸೆ ಇತ್ತು, ಬಾಯಿ ಇರಲಿಲ್ಲ. ದಿನಕ್ಕೆ ಒಂದೆರಡು ಮಾತು ಆಡಿದರೆ ಅದೇ ಹೆಚ್ಚು.

ಅಪ್ಪನದು ಜೋರಾಪುರ ಪೇಟೆಯಲ್ಲಿ ತಗಡಿನ ಕೆಲಸ. ಖಾನಾವಳಿಗಳಿಂದ ಖಾಲಿ ಎಣ್ಣೆ ಡಬ್ಬಿ ತಂದು, ಕೊಯ್ದು, ತಟ್ಟಿ, ಬೆಸುಗೆ ಹಾಕಿ ಬಕೆಟ್ಟು, ಹಿಟ್ಟಿನ ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ ಮಾಡುತ್ತಿದ್ದ. ಅವನ ಅಂಗಡಿಯ ಎದುರಿಗೇ ಒಂದು ಕತ್ತಲೆ ಖೋಲಿಯಲ್ಲಿ ವಿಡಿಯೋ ಗೇಮ್ ಇತ್ತು. ಒಂದು ಟಿವಿ, ಒಂದು ಡಬ್ಬಿ, ಅದರಲ್ಲಿ ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಯಾವುದೋ ದೇಶದ ಅಕ್ಷರ. ಖೋಲಿಯವನಿಗೂ ಓದಲು ಬರುತ್ತಿರಲಿಲ್ಲ. ಅದರಲ್ಲಿ ಕಬ್ಬಿಣದ ಅಂಗಿ ಹಾಕಿಕೊಂಡು ಒಬ್ಬ ಓಡುತ್ತಿದ್ದ, ಜಿಗಿಯುತ್ತಿದ್ದ, ರಾಕ್ಷಸರನ್ನು ಹೊಡೆಯುತ್ತಿದ್ದ. ತಲೆ ಮೇಲಿನ ಟೊಪ್ಪಿಗೆ ತೆಗೆಯುತ್ತಲೇ ಇರಲಿಲ್ಲ. ಹೆಸರು ಗೊತ್ತಿಲ್ಲದವನನ್ನು ಎಷ್ಟು ದಿನ ಹಾಗೆಯೇ ಬಿಡುವುದು? ಪೇಟೆಯ ಹುಡುಗರು ಡಬ್ಬಣ್ಣ ಎಂದು ಹೆಸರಿಟ್ಟರು. ನನಗೆ ಅದು ಅಷ್ಟು ಸೇರುತ್ತಿರಲಿಲ್ಲ. ಯಾಕೆಂದರೆ ಅದಕ್ಕೂ ಮೊದಲೇ ನನಗೂ ನಮ್ಮಣ್ಣ ಮಹಾದೇವನಿಗೂ ಡಬ್ಬಿ ಹುಡುಗರು ಎಂದು ಹೆಸರಿತ್ತು. ಆಟಕ್ಕೆ ಕರೆಯುವಾಗ ಹುಡುಗರು ಬಾಯಿಂದ ಕರೆಯುತ್ತಿರಲಿಲ್ಲ, ತಗಡು ಬಡಿದಂತೆ ಟಣ್ ಟಣ್ ಎಂದು ಸದ್ದು ಮಾಡುತ್ತಿದ್ದರು.

ಡಬ್ಬಣ್ಣನ ಆಟವನ್ನು ಕೊನೆ ಮುಟ್ಟಿಸಿದವನು ಇಡೀ ಪೇಟೆಯಲ್ಲಿ ನಮ್ಮಣ್ಣ ಒಬ್ಬನೇ. ಅವತ್ತು ಖೋಲಿಯಲ್ಲಿ ಗಾಳಿಯಿಲ್ಲದಷ್ಟು ಮಂದಿ ತುಂಬಿ, ಖೋಲಿಯವನು ನಮ್ಮನ್ನೆಲ್ಲ ಹೊರಗೆ ಹಾಕಿ ಬಾಗಿಲು ಅರ್ಧ ಎಳೆದಿದ್ದ. ನಾವು ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ಬಹಳ ಹೊತ್ತಾದ ಮೇಲೆ ಅಣ್ಣ ಹೊರಗೆ ಬಂದ. ಬಾಗಿಲಲ್ಲಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಂದು ಗಳಿಗೆ ಎದುರಿಗೆ ನೋಡಿದ. ಆಮೇಲೆ ಹೇಳಿದ. ದೊಡ್ಡ ರಾಕ್ಷಸ ಸತ್ತನಂತೆ. ಡಬ್ಬಣ್ಣ ಟೊಪ್ಪಿಗೆ ತೆಗೆದನಂತೆ. ಒಳಗೆ ಇಷ್ಟು ದಪ್ಪ ಮೀಸೆ ಇತ್ತಂತೆ, ಥೇಟ್ ನಮ್ಮಪ್ಪನ ಹಾಗೆ. ಹುಡುಗರೆಲ್ಲ ಒಮ್ಮೆಗೇ ತಿರುಗಿ ಎದುರಿನ ಅಂಗಡಿಯ ಮುಂದೆ ನಿಂತ ನಮ್ಮಪ್ಪನನ್ನು ನೋಡಿದರು. ಅವನು ತಲೆಯೆತ್ತಿ, ಏನು ಎಂಬಂತೆ ಮೀಸೆ ಅಲ್ಲಾಡಿಸಿ, ಒಳಗೆ ಹೋಗಿ ಮತ್ತೆ ತಗಡು ತಟ್ಟಿದ. ಅಂದಿನಿಂದ ಟಣ್ ಟಣ್ ನಿಂತಿತು. ನಮ್ಮಪ್ಪ ಬೀದಿಯಲ್ಲಿ ಹೋದರೆ ಹುಡುಗರು ದಾರಿ ಬಿಡುತ್ತಿದ್ದರು. ಅವನಿಗೆ ಯಾಕೆ ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ಅಪ್ಪ ಈಗ ಇಲ್ಲ. ನಾನು ಸ್ವಂತ ಅಂಗಡಿ ಹಾಕಿದಾಗ ಮೊದಲು ಮಾಡಿದ್ದು ಗೇಟಲ್ಲ, ಗ್ರಿಲ್ಲಲ್ಲ, ಡಬ್ಬಣ್ಣ. ಭಾಗ್ಯಶ್ರೀ ಮೊದಲ ಸಲ ಅಂಗಡಿಗೆ ಬಂದವಳು ಅದನ್ನು ಸುತ್ತ ತಿರುಗಿ ನೋಡಿ, "ಮೀಸಿ ಟೊಪ್ಪಿಗಿ ಹೊರಗ ಹ್ಯಾಂಗ ಬಂತ್ರಿ?" ಎಂದು ಕೇಳಿದ್ದಳು. ಒಳಗೆ ಇಟ್ಟರೆ ಮಂದಿಗೆ ಹೇಗೆ ಕಾಣಬೇಕು ಅಂದೆ.

ಇನ್ನು ಗಿರಾಕಿಯ ಸಂಗತಿ. ಅಣ್ಣ ಈಗ ಟೆಂಪೋ ಓಡಿಸುತ್ತಾನೆ. ತಿಕೋಟಾದ ಕಡೆಯಿಂದ ದ್ರಾಕ್ಷಿ, ಒಣದ್ರಾಕ್ಷಿ ತುಂಬಿಕೊಂಡು ಬರುತ್ತಾನೆ. ಅಲ್ಲಿ ಸಂಗಪ್ಪ ಎಂಬ ತೋಟದ ಸಾಹುಕಾರರು, ವಯಸ್ಸಿನಲ್ಲಿ ನಮ್ಮಣ್ಣನ ಸರೀಕರು, ತಮ್ಮ ಹಳೇ ದ್ರಾಕ್ಷಿ ಒಣಗಿಸುವ ಶೆಡ್ಡನ್ನು ಮಕ್ಕಳು ವಿಡಿಯೋ ಗೇಮ್ ಆಡುವ ಹಾಲ್ ಮಾಡುತ್ತಿದ್ದಾರೆ. ಬಾಗಿಲಲ್ಲಿ ನಿಲ್ಲಿಸಲು ಒಂದು ಗೊಂಬೆ ಬೇಕು ಅಂದಾಗ ಅಣ್ಣ ಡಬ್ಬಣ್ಣನ ಮಾತೆತ್ತಿದ. ಅವರೂ ಸಣ್ಣವರಿದ್ದಾಗ ಆ ಆಟ ಆಡಿದವರೇ. ರವಿವಾರ ಬಂದು ನೋಡುತ್ತೇನೆ, ಹಿಡಿಸಿದರೆ ದೊಡ್ಡದೊಂದು ಮಾಡಿಸುತ್ತೇನೆ ಅಂದರು. ಈ ಮಾತು ಕೇಳಿ ನನಗೆ ನಿದ್ದೆ ಹತ್ತಲಿಲ್ಲ. ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ಗ್ರಿಲ್ ಮಾಡುವವನ ದುಃಖ ನಿಮಗೆ ಗೊತ್ತಿಲ್ಲ. ನೀವು ಕಿಟಕಿಯಲ್ಲಿ ನಿಂತಾಗ ನನ್ನ ಕೆಲಸದ ಮುಂದೆಯೇ ನಿಂತಿರುತ್ತೀರಿ, ಆದರೆ ಅದನ್ನು ನೋಡುವುದಿಲ್ಲ. ಅದರ ಸಂದಿಯಿಂದ ಹೊರಗೆ ಯಾರು ಬಂದರು ಎಂದು ನೋಡುತ್ತೀರಿ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಮಂದಿ ಸಂದಿಯಿಂದ ನೋಡುವ ಸಾಮಾನೇ. ಒಂದಾದರೂ ಸಾಮಾನು ಮಂದಿ ನಿಂತು, ಅದನ್ನೇ ನೋಡಿ, ಯಾರು ಮಾಡಿದರು ಎಂದು ಕೇಳುವಂಥದ್ದು ಆಗಬೇಕು ಎಂಬುದು ನನ್ನ ಆಸೆ. ಆ ಆಸೆ ರವಿವಾರ ತಿಕೋಟಾದಿಂದ ಹೊರಟು ಬರುವುದಿತ್ತು.

ಶುಕ್ರವಾರ ಭಾಗ್ಯಶ್ರೀ ಫೋನು ಹಿಡಿದುಕೊಂಡು ಬಂದು, ಬೈಯಬೇಡಿ ಅಂದಳು. ಹಾಗಂದರೆ ಬೈಯುವಂಥದ್ದೇ ಇರುತ್ತದೆ. ಅವಳಿಗೆ ಡಬ್ಬಣ್ಣನ ಆಟ ಸಿಕ್ಕಿತ್ತು. ಅದೇ ಕಬ್ಬಿಣದ ಅಂಗಿ, ಅದೇ ಟೊಪ್ಪಿಗೆ, ಅದೇ ಜಿಗಿತ. ನಾನು ಫೋನು ಕಸಿದುಕೊಂಡೆ. ಕೊನೆಯ ರಾಕ್ಷಸ ಸತ್ತ. ಡಬ್ಬಣ್ಣ ಟೊಪ್ಪಿಗೆ ತೆಗೆದ. ಒಳಗಿಂದ ಕೂದಲು ಇಳಿದು ಬೆನ್ನ ಮೇಲೆ ಬಿತ್ತು. ಅವನು ಹೆಂಗಸು. ನಾನು ಫೋನು ಉಲ್ಟಾ ಹಿಡಿದು ನೋಡಿದೆ. ಆಗಲೂ ಹೆಂಗಸೇ. ಆ ಕಾಲದಲ್ಲಿ ಇದು ದೊಡ್ಡ ಗುಟ್ಟಾಗಿತ್ತಂತೆ, ಆಟ ಪೂರಾ ಮುಗಿಸಿದವರಿಗೆ ಮಾತ್ರ ಗೊತ್ತಾಗುತ್ತಿತ್ತಂತೆ. ಇದು ಬೇರೆ ಯಾವುದೋ ಆಟ ಅಂದೆ. ಅವಳು ಅದನ್ನೇ ಮತ್ತೆ ಹಚ್ಚಿ ತೋರಿಸಿದಳು. ಅವಳು ಎರಡನೇ ಸಲ ತೋರಿಸಿದರೆ ನಾನು ಸೋತಂತೆಯೇ. ಆಮೇಲೆ ಮೆಲ್ಲಗೆ ಹೇಳಿದಳು. ತಿಕೋಟಾದ ಹಾಲಿಗೆ ಬರುವ ಮಕ್ಕಳ ಕೈಯಲ್ಲೂ ಫೋನು ಇರುತ್ತದೆ, ಹೆಂಗಸಿಗೆ ಮೀಸೆ ಇಟ್ಟವನು ಯಾರು ಎಂದು ನಗುತ್ತಾರೆ, ಸಾಹುಕಾರರ ಮರ್ಯಾದೆ ಹೋಗುತ್ತದೆ, ಮಂದಿ ಬೈದರೆ ಸಿನಿಮಾದವರೇ ಮೋರೆ ಬದಲಿಸಿದರು, ನಮ್ಮದೇನು ಎರಡು ಕುಡಗೋಲು, ತೆಗೆದುಬಿಡೋಣ. ಅವಳ ಮಾತು ಖರೆ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ಮರುದಿನ ಅಣ್ಣನನ್ನು ಹುಡುಕಿಕೊಂಡು ಇಬ್ರಾಹಿಂಪುರಕ್ಕೆ ಹೋದೆ. ಅಲ್ಲಿ ಅವನು ಟೆಂಪೋ ನಿಲ್ಲಿಸಿ, ಮಾಲಿನ ಮೇಲೆ ಹೊದಿಸಿದ ತಾಡಪತ್ರಿಗೆ ಹಗ್ಗ ಬಿಗಿಯುತ್ತಿದ್ದ. ನಾನು ಸುತ್ತು ಬಳಸಿ ಮಾತಾಡುವವನಲ್ಲ. ಡಬ್ಬಣ್ಣ ಹೆಂಗಸಂತಲ್ಲ ಅಂದೆ. ಅವನು ಹಗ್ಗ ಬಿಗಿಯುತ್ತಲೇ, "ನಿನ್ನ ಹೆಂಡ್ತಿ ಫೋನ್ಯಾಗ ಏನೇನೋ ಬರತೈತಿ, ಎಲ್ಲಾ ನಂಬಕೋತ ಕುಂತ್ರ ನಡೀತೈತೇನಲೇ" ಅಂದ. ಆದರೆ ಗಂಟು ಸಡಿಲಾಯಿತು. ನಮ್ಮಣ್ಣ ಕಟ್ಟಿದ ಗಂಟು ಸಡಿಲಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಅವನು ಇನ್ನೊಂದು ಬದಿಗೆ ಹೋಗಿ ಕಟ್ಟಿದ. ಮತ್ತೆ ಈ ಬದಿಗೆ ಬಂದ. ಕೊನೆಗೆ ಟೆಂಪೋದ ಗಾಲಿಗೆ ಒರಗಿ ಕೂತ.

"ಕೊನಿಗೆ ಏನೂ ಬರಲಿಲ್ಲೋ ತಮ್ಮಾ" ಅಂದ. "ಆ ರಾಕ್ಷಸ ಸತ್ತ. ಟಿವಿ ಕರ್ರಗಾತು. ನಾ ಕಾಯ್ಕೋತ ಕುಂತೆ. ನೋಡತೀನಿ, ಮತ್ತ ಒಂದನೇ ಆಟ ಚಾಲೂ ಆಗೇತಿ. ಅದ ಡಬ್ಬಣ್ಣ, ಅದ ಕಲ್ಲು, ಅದ ಜಿಗಿಯೂದು. ಅಷ್ಟ ನೋಡು."

ಇದಕ್ಕೂ ಭಾಗ್ಯಶ್ರೀಯ ಹತ್ತಿರ ಉತ್ತರ ಇತ್ತು, ಆಮೇಲೆ ಮನೆಯಲ್ಲಿ ಹೇಳಿದಳು. ನಮ್ಮ ಕಡೆ ಬರುತ್ತಿದ್ದದ್ದೆಲ್ಲ ಕಳ್ಳ ಕ್ಯಾಸೆಟ್ಟು, ಅದರಲ್ಲಿ ಜಾಗ ಉಳಿಸಲು ಕೊನೆಯನ್ನು ಕತ್ತರಿಸಿ ತೆಗೆದಿರಬೇಕು. ಆದರೆ ಆಗ ಗಾಲಿಗೆ ಒರಗಿ ಕೂತ ಅಣ್ಣನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವನು ಇಷ್ಟು ವರ್ಷ, ಬಹುಶಃ ತಾನೇ ಏನೋ ತಪ್ಪು ಮಾಡಿದೆ, ಅದಕ್ಕೇ ಕೊನೆ ಬರಲಿಲ್ಲ ಅಂದುಕೊಂಡಿದ್ದನಂತೆ. ಹಾಗಾದರೆ ಮೀಸೆ ಎಲ್ಲಿಂದ ತಂದೆ ಅಂತ ಕೇಳಿದೆ.

"ಹೊರಗ ಬಂದ್ನೆಲ್ಲ. ನೀವೆಲ್ಲಾ ಬಾಯಿ ತಕ್ಕೊಂಡು ನಿಂತಿದ್ರಿ. ಏನೂ ಇಲ್ಲ ಅಂತ ಹ್ಯಾಂಗ ಹೇಳೂದು? ಎದರಿಗೆ ಅಪ್ಪ ಡಬ್ಬ್ಯಾಗ ತಲಿ ಹಾಕಿ ನಿಂತಿದ್ದ. ಸೋರತೈತೇನಂತ ನೋಡತಿದ್ನಲ್ಲ, ಹಂಗ. ಡಬ್ಬಿ ತಗದ. ಮೀಸಿ ಕಾಣ್ತು. ನಾ ಏನ್ ನೋಡಿದ್ನೋ ಅದನ್ನ ಹೇಳೀನಿ."

ಇದನ್ನು ತಿಳಿಯಬೇಕಾದರೆ ನಿಮಗೆ ತಗಡಿನ ಕೆಲಸ ಗೊತ್ತಿರಬೇಕು. ಬೆಸುಗೆ ಹಾಕಿದ ಮೇಲೆ ಡಬ್ಬಿ ಸೋರುತ್ತದೋ ಇಲ್ಲವೋ ನೋಡಲು ಕೆಲವರು ನೀರು ಹಾಕುತ್ತಾರೆ. ನಮ್ಮಪ್ಪ ನೀರು ಹಾಕುತ್ತಿರಲಿಲ್ಲ. ಬಿಸಿಲಿಗೆ ಬಂದು ನಿಂತು ಡಬ್ಬಿಯನ್ನು ಬೋರಲಾಗಿ ತಲೆ ಮೇಲೆ ಹಾಕಿಕೊಳ್ಳುತ್ತಿದ್ದ. ಒಳಗೆ ಕತ್ತಲೆ ಇರುತ್ತದಲ್ಲ, ಎಲ್ಲಿಯಾದರೂ ಸೂಜಿಮೊನೆಯಷ್ಟು ತೂತು ಉಳಿದಿದ್ದರೆ ಬೆಳಕಿನ ಚುಕ್ಕೆ ಕಾಣುತ್ತದೆ. ಡಬ್ಬಿ ಹಾಕಿಕೊಂಡೇ ಬಿಸಿಲಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗುತ್ತಿದ್ದ. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಅವನಿಗೆ ಒಳಗಿಂದ ಕಾಣುತ್ತಿರಲಿಲ್ಲ. ಆ ನಗು ನಮಗೆ ಮಾತ್ರ ಕಾಣುತ್ತಿತ್ತು. ಟಣ್ ಟಣ್ ಶುರುವಾದದ್ದೂ ಅದರಿಂದಲೇ. ಅಣ್ಣ ಅವತ್ತು ಬಾಗಿಲಲ್ಲಿ ನಿಂತ ಒಂದು ಗಳಿಗೆಯಲ್ಲಿ ಆ ನಗುವನ್ನೆಲ್ಲ ಮರ್ಯಾದೆಯ ಕಡೆಗೆ ತಿರುಗಿಸಿಬಿಟ್ಟಿದ್ದ. ಅವನು ಎದ್ದು ಮತ್ತೆ ಹಗ್ಗ ಹಿಡಿದು, ಮೀಸೆ ತೆಗೆಯಬೇಕಾದರೆ ತೆಗೆ, ನಿನ್ನ ಹೊಟ್ಟೆಪಾಡು ದೊಡ್ಡದು, ಅವ್ವನಿಗೆ ಮಾತ್ರ ಹೇಳಬೇಡ ಅಂದ.

ಹೀಗೆ ನಾನು ರವಿವಾರ ಬೆಳಗ್ಗೆ ಸ್ಟೂಲ್ ಹತ್ತಿದೆ. ಎಡಗಡೆಯ ಕುಡಗೋಲಿಗೆ ಗ್ರೈಂಡರ್ ಹಚ್ಚಿದೆ. ನಾನು ಹಾಕಿದ ವೆಲ್ಡಿಂಗು ಇಷ್ಟು ಗಟ್ಟಿ ಇರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಗೇಟಿಗೆ ಇಷ್ಟು ಗಟ್ಟಿ ಹಾಕಿದ್ದರೆ ಗಿರಾಕಿಗಳು ಮತ್ತೆ ಬಂದು ಜಗಳಾಡುತ್ತಿರಲಿಲ್ಲ. ಬಹಳ ಹೊತ್ತು ಕಿಡಿ ಹಾರಿಸಿದ ಮೇಲೆ ಎಡ ಮೀಸೆ ಠಣ್ ಎಂದು ಕೆಳಗೆ ಬಿತ್ತು. ಬಲಗಡೆಗೆ ಕೈ ಒಯ್ದೆ. ಕರೆಂಟ್ ಹೋಯಿತು. ಭಾಗ್ಯಶ್ರೀ ನನ್ನನ್ನು ನೋಡಿದಳು. ನಾನು ಡಬ್ಬಣ್ಣನನ್ನು ನೋಡಿದೆ. ಒಂದು ಕಡೆ ನಮ್ಮಪ್ಪ, ಇನ್ನೊಂದು ಕಡೆ ಯಾರೂ ಇಲ್ಲ. ಹೋಗಲಿ, ಹೆಕ್ಸಾ ಬ್ಲೇಡಿನಿಂದ ಕೈಯಲ್ಲೇ ಕೊಯ್ಯೋಣ ಎಂದು ಹುಡುಕುತ್ತಿದ್ದಾಗ ಅವ್ವ ಊಟದ ಡಬ್ಬಿ ತಗೊಂಡು ಬಂದಳು.

ಅವ್ವನಿಗೆ ಹೇಳಬೇಡ ಅಂದಿದ್ದ ಅಣ್ಣ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಮೀಸೆ ನೆಲದ ಮೇಲೆ ಬಿದ್ದಿತ್ತು. ಅವ್ವ ಊಟದ ಡಬ್ಬಿಯನ್ನು ಕಟ್ಟೆ ಮೇಲೆ ಇಟ್ಟು ಗೊಂಬೆಯ ಮುಂದೆ ನಿಂತಳು. ನಾನು ಬೈಗುಳಕ್ಕೆ ತಯಾರಾದೆ. ಅವಳು ಹಣೆಗೆ ಕೈಯೊಡ್ಡಿ ಬಿಸಿಲು ಮರೆ ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದಳು.

"ಈಗ ನೋಡು, ಖರೇನ ನಿಮ್ಮಪ್ಪನ ಹಂಗ ಕಾಣಾಕತ್ತಾನ" ಅಂದಳು. "ನೀ ಇನ್ನ ಹುಟ್ಟಿದ್ದಿಲ್ಲ. ಬೆಸಗಿ ಹಾಕೂಮುಂದ ಒಂದ ಕಡೆ ಮೀಸಿ ಸುಟ್ಟಕೊಂಡಿದ್ದ. ಇನ್ನೊಂದ ಕಡೆದೂ ಬೋಳಸ್ಕೊ ಅಂದ್ರ ಒಲ್ಲೆ ಅಂದ, ಅದೇನ್ ತಪ್ಪ ಮಾಡೇತಿ ಅಂತ. ಅರ್ಧಾ ಮೀಸ್ಯಾಗ ನಮ್ಮ ತವರಮನಿಗೂ ಬಂದಿದ್ದ ಯಪ್ಪಾ. ನಾ ಮಾರಿ ಎಲ್ಲಿ ಇಟ್ಕೋಬೇಕು?"

ಅದೇನು ತಪ್ಪು ಮಾಡಿದೆ. ನಮ್ಮಪ್ಪನ ಬಾಯಿಂದ ಬಂದದ್ದೆಂದು ನಾನು ಕೇಳಿದ ಮಾತುಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದದ್ದು. ಹೆಕ್ಸಾ ಬ್ಲೇಡು ಕೈಗೆ ಸಿಕ್ಕಿತ್ತು, ಮತ್ತೆ ಪೆಟ್ಟಿಗೆಯಲ್ಲಿ ಇಟ್ಟೆ. ಅಷ್ಟರಲ್ಲಿ ಸಂಗಪ್ಪ ಸಾಹುಕಾರರ ಕಾರು ಬಂದು ನಿಂತಿತು.

ಅವರು ಇಳಿದು ಬಂದು ಗೊಂಬೆಯನ್ನು ನೋಡಿದರು, ಕೆಳಗೆ ಬಿದ್ದ ಕುಡಗೋಲನ್ನು ನೋಡಿದರು, ನನ್ನನ್ನು ನೋಡಿದರು. ಏನು ಶಿವಣ್ಣ, ಅರ್ಧಕ್ಕೇ ಬಿಟ್ಟಿದ್ದೀಯಲ್ಲ ಅಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಬ್ಬಣ್ಣ ಹೆಂಗಸು, ನನ್ನ ಹೆಂಡತಿ ಫೋನಿನಲ್ಲಿ ಕಂಡುಹಿಡಿದಿದ್ದಾಳೆ, ನಮ್ಮಣ್ಣ ಕಂಡದ್ದು ನಮ್ಮಪ್ಪನನ್ನು, ಕ್ಯಾಸೆಟ್ಟು ಕಳ್ಳ ಮಾಲು, ಕರೆಂಟ್ ಹೋಯಿತು. ಇಷ್ಟೂ ಒಂದೇ ಉಸಿರಿನಲ್ಲಿ ಹೇಳಿದೆ. ಭಾಗ್ಯಶ್ರೀ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದಳು. ಗಿರಾಕಿಗೆ ಇಷ್ಟು ಹೇಳಬಾರದಂತೆ. ಹೇಳಿ ಆಗಿತ್ತು. ಆರ್ಡರು ಹೋಯಿತು ಅಂದುಕೊಂಡೆ.

ಸಾಹುಕಾರರು ನಗಲಿಲ್ಲ. ಗಡ್ಡ ತುರಿಸಿಕೊಂಡು, ತಮ್ಮ ತಿಕೋಟಾದಲ್ಲಿ ಹುಡುಗರು ಬೇರೆಯೇ ಹೇಳುತ್ತಿದ್ದರು ಅಂದರು. ಅಲ್ಲಿಯೂ ಅದೇ ಹಳದಿ ಕ್ಯಾಸೆಟ್ಟು, ಅಲ್ಲಿಯೂ ಕೊನೆ ಮುಟ್ಟಿಸಿದವನು ಒಬ್ಬನೇ. ಅವನು ಬಂದು ಹೇಳಿದ್ದೇನೆಂದರೆ, ಟೊಪ್ಪಿಗೆ ತೆಗೆದರೆ ಒಳಗೆ ಯಾರೂ ಇರಲಿಲ್ಲ, ಖಾಲಿ ಅಂಗಿಯೇ ಇಷ್ಟು ಹೊತ್ತು ಓಡಾಡುತ್ತಿತ್ತು. ಆ ಮಾತು ಕೇಳಿ ಬಹಳ ದಿನ ಇವರು ಮನೆಯಲ್ಲಿ ಗೂಟಕ್ಕೆ ಹಾಕಿದ ಅಂಗಿ ಕಂಡರೂ ಹೆದರುತ್ತಿದ್ದರಂತೆ. ಆಗ ಭಾಗ್ಯಶ್ರೀ ಅಂಗಿ ಜಗ್ಗುವುದನ್ನು ಬಿಟ್ಟು, ಬಬಲೇಶ್ವರದಲ್ಲಿ ತನ್ನಣ್ಣ ಹೇಳುತ್ತಿದ್ದದ್ದು ಇನ್ನೊಂದು ಅಂದಳು. ಟೊಪ್ಪಿಗೆ ತೆಗೆದರೆ ಒಳಗೆ ಅದಕ್ಕಿಂತ ಸಣ್ಣ ಇನ್ನೊಂದು ಟೊಪ್ಪಿಗೆ, ಅದರೊಳಗೆ ಇನ್ನೊಂದು. ಇಷ್ಟು ದಿನ ಇದನ್ನು ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀವು ಕೇಳಲಿಲ್ಲ ಅಂದಳು. ಮೂರು ಊರು, ಒಂದೇ ಕ್ಯಾಸೆಟ್ಟು, ಕೊನೆ ಮಾತ್ರ ಇಲ್ಲ. ಊರಿಗೊಬ್ಬ ಹುಡುಗ ಕತ್ತಲೆ ಖೋಲಿಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತು, ತನ್ನ ಹತ್ತಿರ ಇದ್ದದ್ದನ್ನು ಕೊಟ್ಟಿದ್ದ. ಈ ಸಂಗತಿ ಯಾವ ವಿಡಿಯೋದಲ್ಲೂ ಇಲ್ಲ. ಭಾಗ್ಯಶ್ರೀ ಹುಡುಕಿ ನೋಡಿದ್ದಾಳೆ.

ಸಾಹುಕಾರರು ಸುಮ್ಮನೆ ನಿಲ್ಲದೆ ಗೊಂಬೆಯ ಹಿಂದೆ ಹೋದರು. ಡಬ್ಬಣ್ಣನ ಹಿಂಭಾಗ ನಾನು ಮುಚ್ಚಿಲ್ಲ. ಗೋಡೆಯ ಕಡೆ ಇರುವುದನ್ನು ಯಾರು ನೋಡುತ್ತಾರೆ ಎಂದು ತಗಡು ಉಳಿಸಿದ್ದೆ. ಅವರು ಒಂದು ಇಟ್ಟಿಗೆ ಎಳೆದುಕೊಂಡು ಅದರ ಮೇಲೆ ಹತ್ತಿ, ಒಳಗೆ ಯಾರಾದರೂ ಇದ್ದಾರೋ ನೋಡೇಬಿಡೋಣ ಎಂದು ಟೊಪ್ಪಿಗೆಯೊಳಗೆ ತಲೆ ಹಾಕಿದರು. ಸೀಳಿನಲ್ಲಿ ಅವರ ಎರಡು ಕಣ್ಣು ಕಂಡವು, ಕೆಳಗೆ ಅರ್ಧ ಮೀಸೆ. ಅವ್ವ ಮತ್ತೆ ನಗಲು ಶುರು ಮಾಡಿದಳು. ಭಾಗ್ಯಶ್ರೀ ಪಟ್ಟನೆ ಫೋಟೋ ಹೊಡೆದಳು. ಸಾಹುಕಾರರು ಹೊರಗೆ ಬಂದು ಫೋನು ಇಸಿದುಕೊಂಡು ತಮ್ಮನ್ನು ತಾವು ನೋಡಿಕೊಂಡರು. ಎಷ್ಟು ಹೊತ್ತು ನೋಡಿಕೊಂಡರೆಂದರೆ, ಅಷ್ಟರಲ್ಲಿ ನಾನು ಕೆಳಗೆ ಬಿದ್ದ ಕುಡಗೋಲನ್ನು ಎತ್ತಿ ಒರೆಸಿ ಮತ್ತೆ ಕೆಳಗೆ ಇಟ್ಟೆ.

"ನನಗ ಹೆಣಮಗಳೂ ಬ್ಯಾಡ, ಗಂಡಸೂ ಬ್ಯಾಡ" ಅಂದರು. "ಹಿಂದ ಹಿಂಗ ತೆರದ ಇರಲಿ. ಮುಂದಿನ ಸೀಳು ಇನ್ನಷ್ಟು ದೊಡ್ಡದ ಮಾಡು, ಮಾರಿ ಪೂರಾ ಕಾಣಬೇಕು. ಬಂದ ಹುಡುಗ್ರೆಲ್ಲಾ ಒಳಗ ನಿಂತು ಫೋಟೋ ತಕ್ಕೊಳ್ಳಲಿ. ಮೀಸಿ ಒಂದ ಕಡೆ ಸಾಕು. ಹುಡುಗ್ರು ಆ ಕಡೆಯಿಂದ ತಕ್ಕೊಂತಾರ, ಹುಡಿಗ್ಯಾರು ಈ ಕಡೆಯಿಂದ."

ಆರ್ಡರು ಆಯಿತು. ಅವ್ವ ತಂದ ಊಟವನ್ನು ಸಾಹುಕಾರರೂ ಉಂಡರು. ಅವರು ಹೋದ ಮೇಲೆ ಭಾಗ್ಯಶ್ರೀ ಖುಷಿಯಲ್ಲಿದ್ದಳು, ನಾನು ಮೋರೆ ಇಳಿಬಿಟ್ಟು ಕೂತಿದ್ದೆ. ಏನಾಯಿತು ಅಂತ ಕೇಳಿದಳು. ಹೇಳಿದೆ. ಮಂದಿ ನಿಂತು ನೋಡುವ ಸಾಮಾನು ಮಾಡಬೇಕು ಅಂದುಕೊಂಡಿದ್ದೆ, ಕೊನೆಗೆ ಸಿಕ್ಕಿದ್ದೂ ಸಂದಿಯಿಂದ ಹೊರಗೆ ನೋಡುವ ಸಾಮಾನೇ. ಕಾಲು ಇರುವ ಗ್ರಿಲ್ ಅದು. ಅವಳು, ಆಗಲಿ ಬಿಡ್ರಿ, ಅದರೊಳಗೆ ನಿಂತವರು ಫೋಟೋ ಇಟ್ಟುಕೊಳ್ಳುತ್ತಾರೆ, ಕಿಟಕಿಯಲ್ಲಿ ನಿಂತವರು ಇಟ್ಟುಕೊಳ್ಳುತ್ತಾರೇನು ಅಂದಳು. ಅವ್ವನನ್ನು ಕರೆದುಕೊಂಡು ಮನೆಗೆ ಹೋದಳು.

ಅಂಗಡಿಯಲ್ಲಿ ನಾನೊಬ್ಬನೇ ಉಳಿದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ಇಷ್ಟು ವರ್ಷ ಡಬ್ಬಣ್ಣನನ್ನು ಹೊರಗಿನಿಂದ ನೋಡಿದ್ದೆ, ಒಳಗೆ ಯಾರಿದ್ದಾರೆ ಎಂದು ಮೂರು ಊರಿನವರು ಮೂರು ತರಹ ಹೇಳಿದ್ದರು, ಮಾಡಿದವನು ನಾನು ಒಮ್ಮೆಯೂ ಒಳಗೆ ತಲೆ ಹಾಕಿರಲಿಲ್ಲ. ಸಾಹುಕಾರರು ಬಿಟ್ಟುಹೋದ ಇಟ್ಟಿಗೆಯ ಮೇಲೆ ಹತ್ತಿ ಹಾಕಿದೆ. ಒಳಗೆ ತುಕ್ಕಿನ ವಾಸನೆ, ಹಳೇ ಎಣ್ಣೆಯ ವಾಸನೆ, ನಮ್ಮ ಹಳೇ ಅಂಗಡಿಯ ವಾಸನೆಯೇ. ಮುಂದಿನ ಸೀಳಿಗೆ ಅಂಗೈ ಅಡ್ಡ ಹಿಡಿದೆ. ಹಿಂದಿನ ಬಾಯಿಗೆ ನನ್ನ ತಲೆ, ಹೆಗಲೇ ಅಡ್ಡ ಇದ್ದವು, ಕತ್ತಲೆಯಾಯಿತು. ಆಗ ಕಂಡವು. ತಲೆಯ ಮೇಲೆ, ಕಿವಿಯ ಪಕ್ಕ, ಗದ್ದದ ಕೆಳಗೆ, ನಾನು ಬೆಸೆದ ಗೆರೆಯುದ್ದಕ್ಕೂ ಬೆಳಕಿನ ಚುಕ್ಕೆಗಳು. ನೀರು ಹಾಕಿದ್ದರೆ ಜರಡಿಯಂತೆ ಸೋರುತ್ತಿತ್ತು. ಮೀಸೆ ಒಂದನ್ನು ಬಿಟ್ಟರೆ ಇಡೀ ಡಬ್ಬಣ್ಣನಲ್ಲಿ ಗಟ್ಟಿ ಬೆಸುಗೆ ಒಂದೂ ಇರಲಿಲ್ಲ. ಅಪ್ಪ ಇದ್ದಿದ್ದರೆ ಮೀಸೆಯನ್ನೂ ಅಲ್ಲಾಡಿಸುತ್ತಿರಲಿಲ್ಲ, ಡಬ್ಬಿಯನ್ನು ಸುಮ್ಮನೆ ನನ್ನ ಕಡೆ ಸರಿಸಿ, ಮತ್ತೆ ಮಾಡು ಎಂಬಂತೆ ನೋಡುತ್ತಿದ್ದ.

ಆ ಹೊತ್ತಿಗೆ ಕರೆಂಟ್ ಬಂತು. ಮಷೀನ್ ಚಾಲೂ ಮಾಡಿದೆ. ತೂತು ಮುಚ್ಚುವುದು ಬಹಳ ಇದೆ, ಹೇಳುವುದು ಇನ್ನೇನೂ ಇಲ್ಲ.